ಐದನೇ ಗೇಟಿನ ಹತ್ತಿರ ವನ್ಸ್ ಮೋರ್

ನನ್ನ ಜಾಗಕ್ಕೆ ಬಂದಿರುವ ಸ್ನೇಹಾ ಹೋದ ವಾರ ಫೋನ್ ಮಾಡಿದ್ದಳು. ಮೈಸೂರಿನ ಹುಡುಗಿ, ಬಲು ಚುರುಕು. ಈ ಮಾರ್ಚಿನ ಕೌಬಾಯ್ ಕಾವ್ಯ ಮತ್ತು ಅಮೆರಿಕದ ಪಶ್ಚಿಮ ಸೀಮೆಯ ಜನಪದ ಸಂಗೀತದ ವಿವರವನ್ನು ಸಭಾಂಗಣದ ವೆಬ್‌ಸೈಟಿನ ‘ಬರಲಿರುವ ಕಾರ್ಯಕ್ರಮಗಳು’ ಪುಟಕ್ಕೆ ಹಾಕುತ್ತಿದ್ದಳಂತೆ. ಜೊತೆಗೆ ಹೋದ ವರ್ಷದ ರೆಕಾರ್ಡಿಂಗಿನ ಒಂದು ತುಣುಕು ಹಾಕೋಣವೆಂದು ಕೇಳುತ್ತಾ ಕೂತವಳಿಗೆ ಒಂದು ಅನುಮಾನ ಬಂದಿದೆ.

“ಅಂಕಲ್, ನಮ್ಮ ಹಾಲ್‌ನಲ್ಲಿ ಆಡಿಯನ್ಸ್ ಪದ್ಯದ ಮಧ್ಯೆ ‘ವನ್ಸ್ ಮೋರ್’ ಅಂತ ಕೂಗ್ತಾರಲ್ಲ, ಯಾಕೆ? ಬೇರೆ ಹಾಲ್‌ಗಳ ರೆಕಾರ್ಡಿಂಗ್‌ನಲ್ಲಿ ಎಲ್ಲೂ ಇಲ್ಲ. ಎಡಿಟ್ ಮಾಡಿ ತೆಗೆದುಬಿಡ್ಲಾ?”

ತೆಗೆದುಗಿಗೆದುಬಿಟ್ಟೀಯ, ಜೋಕೆ ಎಂದು ಗದರಿದೆ. ಪಾಪ, ಹುಡುಗಿ ಗಾಬರಿಯಾದಳು. ಗದರಿದ ಮೇಲೆ ಕಾರಣ ಹೇಳಬೇಕಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಹಾಗಾಗಿ ಬರೆಯಲು ಕೂತಿದ್ದೇನೆ. ಅವಳಿಗೂ ಆಯಿತು, ಅವಳ ಹಾಗೆ ಈ ಕೆಲಸಕ್ಕೆ ಬರುವ ಬೇರೆಯವರಿಗೂ ಆಯಿತು.

ನನ್ನ ಹೆಸರು ರಜಾಕ್. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೊ ಹತ್ತಿರದ ಬೋಲಿಂಗ್‌ಬ್ರೂಕ್‌ನಿಂದ ಹತ್ತು ನಿಮಿಷ ಡ್ರೈವ್ ಮಾಡಿದರೆ ಸಿಗುವ ಒಂದು ಸಣ್ಣ ಊರಿನ ಸಾರ್ವಜನಿಕ ಸಭಾಂಗಣದಲ್ಲಿ ಇಪ್ಪತ್ತೆರಡು ವರ್ಷ ಮೈಕು, ಸ್ಪೀಕರು, ವೈರು ನೋಡಿಕೊಂಡವನು. ಸೇರಿದಾಗಲೂ ಟೆಕ್ನಿಶಿಯನ್, ಬಿಟ್ಟಾಗಲೂ ಟೆಕ್ನಿಶಿಯನ್. ಹಾಗಾಗಿ ಬಡ್ತಿಯ ಕಥೆ ನನ್ನ ಹತ್ತಿರ ಇಲ್ಲ. ಎಡವಟ್ಟುಗಳ ಕಥೆಗಳು ಬೇಕಾದಷ್ಟಿವೆ.

ದಾವಣಗೆರೆಯಲ್ಲಿ ನಮ್ಮಪ್ಪನದು ಮೈಕ್ ಸೆಟ್ ಅಂಗಡಿ. ನಾಟಕ ಕಂಪನಿಗಳು ಊರಿಗೆ ಬಂದು ತಿಂಗಳುಗಟ್ಟಲೆ ಕ್ಯಾಂಪ್ ಹಾಕಿದಾಗ ಮೈಕು ನಮ್ಮದೇ. ಆಂಪ್ಲಿಫೈಯರ್ ಪಕ್ಕದ ಸ್ಟೂಲಿನ ಮೇಲೆ ಕೂತೇ ನಾನು ದೊಡ್ಡವನಾದದ್ದು. ಅಪ್ಪನ ವಿದ್ಯೆಯಲ್ಲಿ ಎರಡೇ ಪಾಠ. ದನಿ ಜೋರಾಗಿರಬೇಕು, ಎಕೋ ಇರಬೇಕು. ಆಮೇಲೆ ಭಾವಮೈದುನನ ಟಿ.ವಿ. ರಿಪೇರಿ ಅಂಗಡಿಗೆಂದು ಷಿಕಾಗೊಕ್ಕೆ ಬಂದೆ. ಜನ ಟಿ.ವಿ. ರಿಪೇರಿ ಮಾಡಿಸುವುದನ್ನೇ ಬಿಟ್ಟುಬಿಟ್ಟರು. ಅಂಗಡಿ ಮುಚ್ಚಿತು. ಸಭಾಂಗಣದವರು ಆಂಪ್ಲಿಫೈಯರ್ ಬಿಚ್ಚಿ ಜೋಡಿಸಲು ಬರುವವನು ಬೇಕು ಎಂದಿದ್ದರು, ಹೋಗಿ ನಿಂತೆ.

ಮೊದಲ ಕಾರ್ಯಕ್ರಮವೇ ಪಶ್ಚಿಮದ ಜನಪದ ಸಂಗೀತ. ಒಬ್ಬ ಬ್ಯಾಂಜೊ, ಒಬ್ಬ ಪಿಟೀಲು, ಒಬ್ಬ ಮೌತ್ ಆರ್ಗನ್. ನಾನು ಅಪ್ಪನ ಮಗ, ಇದ್ದಬದ್ದ ಎಕೋವನ್ನೆಲ್ಲ ಹಾಕಿ ಕೂಡಿಸಿದೆ. ಬ್ಯಾಂಜೊದವನು ಎರಡು ಸಲ ಮೀಟಿ ನಿಲ್ಲಿಸಿ, ನಾವು ಬಾವಿಯೊಳಗೆ ಬಿದ್ದಿದ್ದೀವಾ ಎಂದು ಕೇಳಿದ. ಹಿಂದಿನಿಂದ ನಮ್ಮ ಮ್ಯಾನೇಜರ್ ಲಿಂಡಾ ಬಂದಳು. ಎತ್ತರದ ಹೆಂಗಸು, ಕೂದಲಲ್ಲಿ ಸದಾ ಒಂದು ಪೆನ್ಸಿಲ್. ನನ್ನ ಸೌಂಡ್ ಬೋರ್ಡಿನ ಎಲ್ಲ ಗುಂಡಿಗಳನ್ನೂ ಸೊನ್ನೆಗೆ ತಂದಳು. ಆಮೇಲೆ ಒಂದನ್ನು, ಒಂದೇ ಒಂದನ್ನು, ಬೆರಳಿನಷ್ಟು ಏರಿಸಿದಳು. ಪಿಟೀಲು ಪಕ್ಕದಲ್ಲೇ ಕೂತು ನುಡಿಸಿದ ಹಾಗೆ ಕೇಳಿತು.

“ಜನ ನಿನ್ನನ್ನ ಕೇಳೋಕೆ ಬಂದಿಲ್ಲ,” ಎಂದಳು.

ಮೈಮೇಲೆ ಕುದಿನೀರು ಸುರಿದ ಹಾಗಾಯಿತು. ಮನೆಗೆ ಬಂದು ಹೆಂಡತಿ ನಸೀಮಾಳ ಮುಂದೆ ಕೂಗಾಡಿದೆ. ಆದರೆ ಇಪ್ಪತ್ತೆರಡು ವರ್ಷದಲ್ಲಿ ನಾನು ಕಲಿತ ಪಾಠಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಸ್ನೇಹಾ, ನಿನಗೂ ಅದನ್ನೇ ಹೇಳುತ್ತೇನೆ. ಈಗ ನಿನಗೆ ಬೋರ್ಡಿನ ಮುಂದೆ ಕೂರುವ ಅಗತ್ಯವೂ ಇಲ್ಲ, ಟ್ಯಾಬ್ಲೆಟ್ ಹಿಡಿದು ಯಾವ ಸೀಟಿನಲ್ಲಿ ಕೂತರೂ ಬೆರಳಾಡಿಸಬಹುದು. ಬೆರಳಾಡಿಸುವುದು ಸುಲಭವಾದಷ್ಟೂ ಸುಮ್ಮನಿರುವುದು ಕಷ್ಟ.

ಕೌಬಾಯ್ ಕಾವ್ಯ ಎಂದರೇನು ಎಂದು ನಮ್ಮವರು ಈಗಲೂ ಕೇಳುತ್ತಾರೆ. ಕುದುರೆ ಮೇಲೆ ಕೂತು ದನ ಕಾಯುವವರು ಕಟ್ಟಿದ ಪದ್ಯಗಳು, ಅಷ್ಟೇ. ಮಧ್ಯೆ ಮಧ್ಯೆ ಗಿಟಾರು, ಹಾಡು. ಓದದವರಿಗೆ ನಮ್ಮ ಮೇಷ್ಟ್ರು ‘ದನ ಕಾಯಕ್ಕೆ ಹೋಗು’ ಎಂದು ಬೈಯುತ್ತಿದ್ದರು. ಇಲ್ಲಿ ದನ ಕಾಯುವವರ ಪದ್ಯ ಕೇಳಲು ಎಪ್ಪತ್ತು ಎಂಬತ್ತರ ಅಜ್ಜಅಜ್ಜಿಯರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಗಂಟೆ ಮುಂಚೆಯೇ ಬಂದು ಕೂರುತ್ತಾರೆ. ಮೇಷ್ಟ್ರಿಗೆ ತೋರಿಸಬೇಕಿತ್ತು.

ಈ ಪದ್ಯಗಳಿಗೆ ಒಂದು ಕಟ್ಟುನಿಟ್ಟಾದ ಪದ್ಧತಿ ಇದೆ. ಕೈಯಲ್ಲಿ ಕಾಗದ ಇರಬಾರದು. ಬಾಯಿಪಾಠವೇ ಆಗಬೇಕು. ಕುದುರೆ ಮೇಲೆ ಕೂತವನು ಕಾಗದ ಎಲ್ಲಿ ಹಿಡಿಯುತ್ತಾನೆ ಎನ್ನುತ್ತಾರೆ. ನೋಡಿಕೊಂಡು ಓದಿದವನನ್ನು ಯಾರೂ ಬೈಯುವುದಿಲ್ಲ, ಚಪ್ಪಾಳೆಯನ್ನೂ ತಟ್ಟುತ್ತಾರೆ, ಆದರೆ ಮುಂದಿನ ವರ್ಷ ಕರೆಯುವುದಿಲ್ಲ.

ಟೋಪಿಯ ವಿಷಯದಲ್ಲೂ ಒಂದು ಪೆಟ್ಟು ತಿಂದಿದ್ದೇನೆ. ಒಬ್ಬರ ಟೋಪಿಯ ಅಂಚಿನ ನೆರಳು ಮುಖಕ್ಕೆ ಬೀಳುತ್ತಿತ್ತು. ರಿಹರ್ಸಲ್‌ನಲ್ಲಿ, ಸ್ವಲ್ಪ ಟೋಪಿ ತೆಗೀತೀರಾ ಸರ್ ಎಂದು ಕೇಳಿದೆ. ಪಿಟೀಲಿನವನು ಕಮಾನನ್ನು ಕೆಳಗಿಟ್ಟ. ಲಿಂಡಾ ನನ್ನ ಕಿವಿಯಲ್ಲಿ, ಲೈಟನ್ನ ಕೆಳಗಿಳಿಸು ಮಾರಾಯ, ಟೋಪಿಯ ತಂಟೆಗೆ ಹೋಗಬೇಡ ಎಂಬರ್ಥದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಇನ್ನೊಮ್ಮೆ ವೈರ್‌ಲೆಸ್ ಮೈಕಿಗೆ ಹಳೆಯ ಬ್ಯಾಟರಿಯನ್ನೇ ಹಾಕಿದ್ದೆ, ಅಕ್ಕತಂಗಿಯರಿಬ್ಬರ ಹಾಡಿನಲ್ಲಿ ತಂಗಿ ಅರ್ಧಕ್ಕೇ ಮೂಕಿಯಾದಳು. ಅಕ್ಕ ತಾನೂ ಮೈಕ್ ಕೆಳಗಿಟ್ಟು ವೇದಿಕೆಯ ಅಂಚಿಗೆ ಬಂದು ಜೊತೆಗೂಡಿ ಹಾಡಿದಳು. ಅವತ್ತಿನಷ್ಟು ಚೆನ್ನಾಗಿ ಅವರು ಮತ್ತೆಂದೂ ಹಾಡಲಿಲ್ಲ. ಆದರೂ ಬ್ಯಾಟರಿ ಹೊಸದೇ ಹಾಕು.

ಈಗ ಕ್ಲೈಡ್‌ನ ವಿಷಯ. ಹುಡುಗನಾಗಿದ್ದಾಗಿನಿಂದ ಪಶ್ಚಿಮದ ವಯೋಮಿಂಗಿನಲ್ಲಿ ದನ ಕಾದು, ಆಮೇಲೆ ಹೊಟ್ಟೆಪಾಡಿಗೆ ಮಿಷಿಗನ್ ರಾಜ್ಯಕ್ಕೆ ಬಂದು ಮೂವತ್ತು ವರ್ಷ ಕಾರಿನ ಬಾಗಿಲು ಜೋಡಿಸಿದವನು. ಆಬರ್ನ್ ಹಿಲ್ಸ್ ಹತ್ತಿರ ಒಂದು ಸಣ್ಣ ಮನೆ. ಹೆಂಡತಿ ಇಲ್ಲ. ಮಗಳು ರೂತ್ ಅದೇ ರಾಜ್ಯದ ಆನ್ ಆರ್ಬರ್‌ನಲ್ಲಿ ಆಸ್ಪತ್ರೆಯ ನರ್ಸ್. ಪ್ರತಿವರ್ಷ ಮಾರ್ಚಿನಲ್ಲಿ ಮೂರು ಭಾನುವಾರ ಅಪ್ಪ ಪದ್ಯ ಹೇಳುತ್ತಿದ್ದ, ಮಗಳು ಗಿಟಾರ್ ನುಡಿಸುತ್ತಿದ್ದಳು. ಮೊದಲು ಆಬರ್ನ್ ಹಿಲ್ಸ್ ಕಡೆಯ ಒಂದು ಲೈಬ್ರರಿ, ಆಮೇಲೆ ಆನ್ ಆರ್ಬರ್, ಕೊನೆಗೆ ನಮ್ಮ ಹಾಲ್. ಮೂರನ್ನೂ ನಮ್ಮ ಸಭಾಂಗಣದವರೇ ಏರ್ಪಡಿಸುತ್ತಿದ್ದರು, ಹಾಗಾಗಿ ಮೂರಕ್ಕೂ ಮೈಕ್ ನನ್ನದು.

ಅವನ ದೊಡ್ಡ ಪದ್ಯ ಏಳು ಗೇಟುಗಳದ್ದು. ಅವನೇ ಕಟ್ಟಿದ್ದು. ಹಿಮ ಬೀಳುವ ಸಂಜೆ ಒಬ್ಬ ವಯಸ್ಸಾದ ಸವಾರ ಹೆಣ್ಣುಕುದುರೆಯ ಮೇಲೆ ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ ದನದ ಬೇಲಿಗಳ ಏಳು ಗೇಟು. ಪ್ರತಿ ಗೇಟಿನಲ್ಲೂ ಇಳಿಯಬೇಕು, ತೆರೆಯಬೇಕು, ದಾಟಬೇಕು, ಮುಚ್ಚಬೇಕು, ಮತ್ತೆ ಹತ್ತಬೇಕು. ಐದನೇ ಗೇಟು ಮುಚ್ಚುವ ಹೊತ್ತಿಗೆ ಅವನ ಕಾಲು ಮರಗಟ್ಟಿ, ಹತ್ತಲು ಆಗುವುದೇ ಇಲ್ಲ. ಲಗಾಮು ಹಿಡಿದು ಸುಮ್ಮನೆ ನಿಲ್ಲುತ್ತಾನೆ. ಆಗ ಕುದುರೆ ತಾನಾಗಿ ಪಕ್ಕದ ಹಳ್ಳಕ್ಕೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ, ಅವನಿಗೆ ಹತ್ತಲು ಎಟುಕಲಿ ಎಂದು.

ಮೊದಲ ಸಲ ಅದನ್ನು ಕೇಳಿದಾಗ ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಕುದುರೆ ಹಳ್ಳಕ್ಕಿಳಿದದ್ದು ಅರ್ಥವಾಯಿತು. ನಾನು ಎಲ್ಲಿದ್ದೇನೆ ಎನ್ನುವುದೇ ಮರೆತುಹೋಯಿತು. ದಾವಣಗೆರೆಯ ನಾಟಕದ ಟೆಂಟಿನಲ್ಲಿ ಕೂತವನ ಹಾಗೆ, ಬೋರ್ಡಿನ ಹಿಂದೆ ಎದ್ದು ನಿಂತು, ಎದೆ ತುಂಬಿ “ವನ್ಸ್ ಮೋರ್!” ಎಂದು ಕೂಗಿಬಿಟ್ಟೆ.

ಕಂಪನಿ ನಾಟಕ ನೋಡಿದವರಿಗೆ ಇದು ಗೊತ್ತು. ಹಾಡು ಹಿಡಿಸಿದರೆ ಜನ ‘ವನ್ಸ್ ಮೋರ್’ ಎನ್ನುತ್ತಾರೆ, ನಟ ಮತ್ತೆ ಹಾಡುತ್ತಾನೆ. ನಟನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಇಲ್ಲ. ಆದರೆ ಇದು ಇಲಿನಾಯ್. ಇನ್ನೂರು ತಲೆಗಳು ತಿರುಗಿ ನನ್ನನ್ನು ನೋಡಿದವು. ಕ್ಲೈಡ್ ಬೆಚ್ಚಿ ಸಾಲು ತಪ್ಪಿದ. ಆರನೇ ಗೇಟು ಬಾಯಿಗೆ ಬರಲೇ ಇಲ್ಲ. ಕೊನೆಗೆ ಮೊದಲನೆಯ ಗೇಟಿನಿಂದ ಪೂರ್ತಿ ಮತ್ತೆ ಹೇಳಬೇಕಾಯಿತು.

ಆಮೇಲೆ ಹಿಂದಿನ ಕೋಣೆಗೆ ಹೋಗಿ ಕ್ಷಮೆ ಕೇಳಿದೆ. ಕೋಪದಿಂದ ಅವನ ಮುಖ ಕೆಂಪಾಗಿತ್ತು. ಮುಚ್ಚಿದ ಗೇಟನ್ನು ನಾವು ಮತ್ತೆ ತೆರೆಯುವುದಿಲ್ಲ ಎಂದ. ನಾನು ನಮ್ಮೂರಿನ ಪದ್ಧತಿ ವಿವರಿಸಿದೆ. ಯುದ್ಧದಲ್ಲಿ ಸತ್ತು ಬಿದ್ದ ನಾಯಕ ಕೂಡ, ವನ್ಸ್ ಮೋರ್ ಬಂದರೆ ಎದ್ದು ಕೂತು, ಸಾಯುವ ಹಾಡನ್ನು ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯುತ್ತಾನೆ ಎಂದೆ. ಕ್ಲೈಡ್ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ.

ಅವತ್ತಿನಿಂದ ಸ್ನೇಹ. ಪ್ರತಿವರ್ಷ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ನಸೀಮಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿ ಇಡುತ್ತಿದ್ದಳು. ಕಣ್ಣಲ್ಲಿ ನೀರು ಸುರಿಸುತ್ತಾ ತಿಂದು, ತಟ್ಟೆ ಮುಂದೆ ಚಾಚಿ, “ವನ್ಸ್ ಮೋರ್” ಎನ್ನುತ್ತಿದ್ದ. ಬಂದ ದಿನವೂ ಅದೇ ತಮಾಷೆ, ಹೊರಡುವಾಗಲೂ ಅದೇ. ಹದಿನೆಂಟು ವರ್ಷ ನನ್ನನ್ನು ಹೀಗೆ ಗೋಳು ಹುಯ್ದುಕೊಂಡ.

ಎರಡು ವರ್ಷದ ಹಿಂದಿನ ಮಾರ್ಚಿನಲ್ಲಿ, ಮೊದಲ ಭಾನುವಾರ, ಲೈಬ್ರರಿಯಲ್ಲಿ ಅವನು ಮೂರನೇ ಗೇಟಿನಲ್ಲಿ ನಿಂತುಹೋದ. ಬಾಯಿ ತೆರೆದೇ ಇತ್ತು, ಮಾತಿಲ್ಲ. ರೂತ್ ಗಿಟಾರ್ ನುಡಿಸಲು ಶುರುಮಾಡಿ ಹೇಗೋ ಮುಚ್ಚಿಹಾಕಿದಳು. ಆಮೇಲೆ ಪಾರ್ಕಿಂಗಿನಲ್ಲಿ ನನಗೆ ಹೇಳಿದಳು. ಡಾಕ್ಟರಿಗೆ ತೋರಿಸಿಯಾಗಿದೆ, ಮರೆವಿನ ಕಾಯಿಲೆ, ಇನ್ನು ಹೆಚ್ಚುತ್ತಲೇ ಹೋಗುತ್ತದೆ. ಆಸ್ಪತ್ರೆಯಲ್ಲಿ ದಿನಾ ಬೇರೆಯವರ ಮಕ್ಕಳಿಗೆ ಇದನ್ನೇ ಹೇಳುವವಳು, ತನ್ನ ಅಪ್ಪನ ವಿಷಯ ಹೇಳುವಾಗ ಕಾರಿನ ಬಾಗಿಲು ಹಿಡಿದು ನಿಂತಿದ್ದಳು. ಅವನಿಗೆ ಗೊತ್ತೇ ಎಂದು ಕೇಳಿದೆ. ಗೊತ್ತು, ಆದರೆ ಈ ವರ್ಷ ಒಂದು ಸಲವಾದರೂ ಏಳು ಗೇಟೂ ದಾಟಬೇಕು ಅಂತ ಹಟ ಹಿಡಿದಿದ್ದಾನೆ ಎಂದಳು.

ನಾನು ತಲೆ ಓಡಿಸಿದೆ. ಓಡಿಸಬಾರದಿತ್ತು. ನಾಟಕ ಕಂಪನಿಯಲ್ಲಿ ಪರದೆಯ ಪಕ್ಕ ಒಬ್ಬ ಪ್ರಾಂಪ್ಟರ್ ಕೂತು ಮಾತು ಹೇಳಿಕೊಡುತ್ತಿರುತ್ತಾನೆ, ನೀವೂ ಕೇಳಿರುತ್ತೀರಿ. ಈಗ ಕಿವಿಯೊಳಗೆ ಇಡುವ ಸಣ್ಣ ಸ್ಪೀಕರುಗಳು ಬಂದಿವೆ. ಹಳೆಯ ವಿದ್ಯೆಗೆ ಹೊಸ ಸಾಮಾನು, ಸರಿಹೋಯಿತಲ್ಲ ಎಂದುಕೊಂಡೆ. ಆನ್ ಆರ್ಬರ್‌ನಲ್ಲಿ ಎರಡನೇ ಭಾನುವಾರ, ಸಂಗೀತ ಸರಿಯಾಗಿ ಕೇಳಲು ಎಂದು ಸುಳ್ಳು ಹೇಳಿ ಅವನ ಕಿವಿಗೆ ಅದನ್ನು ಸಿಕ್ಕಿಸಿದೆ. ಪದ್ಯದ ಕಾಗದ ಹಿಡಿದು ನಾನೇ ಹಿಂದೆ ಕೂತೆ.

ಎರಡನೇ ಗೇಟಿನಲ್ಲಿ ಅವನು ಒಂಚೂರು ತಡವರಿಸಿದ. ನಾನು ಸಾಲು ಹೇಳಿದೆ. ಕ್ಲೈಡ್ ಬೆಚ್ಚಿ, ಪಕ್ಕಕ್ಕೆ ತಿರುಗಿ, ಮೈಕಿನಲ್ಲೇ, ಯಾರಯ್ಯ ಅದು, ನಿನ್ನ ಸರದಿ ಬಂದಾಗ ಮಾತಾಡು ಎಂದ. ಜನ ತಮಾಷೆ ಎಂದು ನಕ್ಕರು. ಅವನು ಕಿವಿಯಲ್ಲಿದ್ದದ್ದನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಪದ್ಯವನ್ನು ಅಲ್ಲಿಗೇ ಬಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟ. ಕಾರ್ಯಕ್ರಮ ಮುಗಿದ ಮೇಲೆ ಅದನ್ನು ನನ್ನ ಅಂಗೈಯಲ್ಲಿ ಇಟ್ಟ.

“ಮರೆತರೆ ಮರೆತು ನಿಂತಿರ್ತೀನಿ. ನನ್ನ ಬಾಯಲ್ಲಿ ಬೇರೆಯವರು ಮಾತು ಇಡಬಾರದು,” ಎಂದ.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಷಿಕಾಗೊವರೆಗಿನ ನಾಲ್ಕು ಗಂಟೆ ಡ್ರೈವ್‌ನಲ್ಲಿ ರೇಡಿಯೊ ಕೂಡ ಹಾಕಲಿಲ್ಲ. ಒಳ್ಳೆಯದಕ್ಕೇ ಮಾಡಿದೆ ಎಂದು ನಸೀಮಾ ಸಮಾಧಾನ ಹೇಳಿದಳು. ಒಳ್ಳೆಯದಕ್ಕೆ ಮಾಡಿದೆನೋ, ನನ್ನ ಬುದ್ಧಿವಂತಿಕೆ ತೋರಿಸಲು ಮಾಡಿದೆನೋ, ಇವತ್ತಿಗೂ ಗೊತ್ತಿಲ್ಲ.

ಸೋಮವಾರ ಲಿಂಡಾ ನನ್ನನ್ನು ಕರೆದಳು. ಸುದ್ದಿ ಅವಳಿಗೆ ಮುಟ್ಟಿತ್ತು. ಕಂಪ್ಯೂಟರ್ ಪರದೆಯ ಮೇಲೆ ‘ಬರಲಿರುವ ಕಾರ್ಯಕ್ರಮಗಳು’ ಪುಟ ತೆರೆದಿತ್ತು. ಮುಂದಿನ ಭಾನುವಾರ ಮಧ್ಯಾಹ್ನ ಎರಡು ಗಂಟೆ, ಕ್ಲೈಡ್ ಮತ್ತು ರೂತ್. ಅವನ ಹೆಸರನ್ನು ತೆಗೆದು ಬರೀ ರೂತ್‌ಳ ಹಾಡು ಎಂದು ಹಾಕುವುದಾಗಿ ಹೇಳಿದಳು. ನಾನು ವಾದಕ್ಕೆ ನಿಂತೆ. ಅವನಿಗೆ ಇದೊಂದೇ ಬಾಕಿ ಇರುವುದು, ಕಿತ್ತುಕೊಳ್ಳಬೇಡ ಎಂದೆ. ಲಿಂಡಾ ಕೂದಲಿನಿಂದ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟಳು. ಅವಳ ಕಣ್ಣೂ ಒದ್ದೆಯಾಗಿತ್ತು.

“ಇಷ್ಟು ವರ್ಷ ಅವನು ಎಷ್ಟು ಚೆನ್ನಾಗಿ ಹೇಳಿದ ಅನ್ನೋದು ಯಾರಿಗೂ ನೆನಪಿರಲ್ಲ ರಜಾಕ್. ಇಲ್ಲಿ ನಿಂತು ಮರೆತರೆ, ಜನ ಅದನ್ನೇ ನೆನಪಿಟ್ಕೋತಾರೆ.”

ಅವಳ ಮಾತು ಸುಳ್ಳಲ್ಲ. ಕಡೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು. ಅವನು ತಪ್ಪಿದ ಕ್ಷಣವೇ ಅವಳು ಬಾಗಿಲ ಹತ್ತಿರದಿಂದ ಕೈ ಎತ್ತುತ್ತಾಳೆ, ನಾನು ಅವನ ಮೈಕ್ ಇಳಿಸಿ ಗಿಟಾರ್ ಏರಿಸಬೇಕು, ರೂತ್ ಹಾಡಲು ಶುರುಮಾಡಬೇಕು. ಹೂಂ ಎಂದೆ. ಬೇರೆ ದಾರಿ ಇರಲಿಲ್ಲ.

ಆ ಭಾನುವಾರ ಹಾಲ್ ಭರ್ತಿಯಾಗಿತ್ತು. ನಸೀಮಾ ಬೋಲಿಂಗ್‌ಬ್ರೂಕ್‌ನ ನಮ್ಮವರನ್ನೂ ಎಳೆದು ತಂದಿದ್ದಳು. ನಾಲ್ಕೈದು ಸಂಸಾರ, ಜೊತೆಗೆ ಬಸವರಾಜಣ್ಣ. ಅವನು ಗದಗಿನವನು, ವೇರ್‌ಹೌಸಿನಲ್ಲಿ ಸೂಪರ್‌ವೈಸರ್, ನಾಟಕದ ಹುಚ್ಚ. ಕ್ಲೈಡ್‌ನ ಕಾಯಿಲೆಯ ಸುದ್ದಿ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಸವರಾಜಣ್ಣ ಮೂರನೇ ಸಾಲಿನಲ್ಲಿ ಕೈಕಟ್ಟಿ ಕೂತು, ಮುದುಕನ ಟೋಪಿ ಭಾರಿ ಐತಿ ನೋಡು ಎಂದು ಹೆಂಡತಿಗೆ ತೋರಿಸುತ್ತಿದ್ದ.

ಕ್ಲೈಡ್ ಎದ್ದು ಮೈಕಿನ ಮುಂದೆ ಬಂದ. ಮೊದಲನೇ ಗೇಟು ಸಲೀಸು. ಎರಡನೆಯದೂ ಸಲೀಸು. ಲೈಬ್ರರಿಯಲ್ಲಿ ನಿಂತುಹೋಗಿದ್ದ ಮೂರನೆಯದನ್ನೂ ಅವನು ದಾಟಿಕೊಂಡ. ನಾಲ್ಕನೆಯದು ಆಯಿತು. ಐದನೆಯದರಲ್ಲಿ ಕುದುರೆ ಹಳ್ಳಕ್ಕೆ ಇಳಿದಾಗ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡಳು. ಇನ್ನೆರಡು ಗೇಟು, ಅಷ್ಟೇ, ಎಂದುಕೊಂಡೆ. ಕ್ಲೈಡ್ ಉಸಿರು ತೆಗೆದುಕೊಂಡ.

“ಐದನೇ ಗೇಟಿಗೆ ಬಂದಾಗ...” ಎಂದು ಶುರುಮಾಡಿದ.

ನಿಂತುಹೋಗಿರಲಿಲ್ಲ. ಹೇಳಿ ಮುಗಿಸಿದ್ದೇ ಅವನಿಗೆ ನೆನಪಿರಲಿಲ್ಲ. ರೂತ್ ತಲೆ ಎತ್ತಿದಳು. ಬಾಗಿಲಲ್ಲಿ ಲಿಂಡಾಳ ಕೈ ಮೇಲೆದ್ದಿತು. ನನ್ನ ಬೆರಳು ಅವನ ಮೈಕಿನ ಗುಂಡಿಯ ಮೇಲೇ ಇತ್ತು. ಇನ್ನೊಂದು ಸಾಲು ಹೋದರೆ ಜನರಿಗೆ ತಿಳಿಯುತ್ತದೆ, ಪಿಸುಪಿಸು ಏಳುತ್ತದೆ, ಅವನಿಗೂ ಕೇಳಿಸುತ್ತದೆ. ನಾನು ಯೋಚಿಸಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆರಳು ತೆಗೆದೆ, ಎದ್ದು ನಿಂತೆ, ಹದಿನೆಂಟು ವರ್ಷದ ಹಿಂದೆ ಕೂಗಿದಷ್ಟೇ ಜೋರಾಗಿ ಕೂಗಿದೆ.

“ವನ್ಸ್ ಮೋರ್!”

ತಲೆಗಳು ತಿರುಗಿದವು. ಅಷ್ಟರಲ್ಲಿ ಮೂರನೇ ಸಾಲಿನಿಂದ ಬಸವರಾಜಣ್ಣ ಪುಟಿದೆದ್ದ. ಊರು ಬಿಟ್ಟ ಮೇಲೆ ಈ ಕೂಗು ಅವನ ಕಿವಿಗೆ ಬಿದ್ದೇ ಇರಲಿಲ್ಲವೇನೋ. ಎರಡೂ ಕೈ ಮೇಲೆತ್ತಿ, “ವನ್ಸ್ ಮೋರ್! ವನ್ಸ್ ಮೋರ್! ಕುದುರಿ ಹಳ್ಳಕ್ಕ ಇಳಿದದ್ದು ಇನ್ನೊಮ್ಮಿ ಆಗ್ಲಿ!” ಎಂದು ಗರ್ಜಿಸಿದ. ನಮ್ಮ ಸಂಸಾರಗಳೆಲ್ಲ ಚಪ್ಪಾಳೆ ಹಾಕಿದವು. ಕನ್ನಡಕ ಒರೆಸಿಕೊಂಡಿದ್ದ ಅಜ್ಜಿ, ಹೌದು ಹೌದು, ಇನ್ನೊಂದು ಸಲ ಎಂದಳು. ಆಮೇಲೆ ಇಡೀ ಹಾಲ್ ಕೂಗಿತು.

ಕ್ಲೈಡ್ ಮಾತು ನಿಲ್ಲಿಸಿದ. ಗದ್ದಲದ ಮೇಲಿಂದ ನನ್ನ ಬೋರ್ಡಿನ ಕಡೆ ನೋಡಿದ. ಟೋಪಿಯ ಅಂಚಿಗೆ ಎರಡು ಬೆರಳು ಮುಟ್ಟಿಸಿದ. ಜನ ಸುಮ್ಮನಾಗುವವರೆಗೆ ಕಾದು, ಐದನೇ ಗೇಟನ್ನು ಮೊದಲಿನಿಂದ ಹೇಳಿದ. ಮೊದಲ ಸಲಕ್ಕಿಂತ ನಿಧಾನವಾಗಿ, ಮೊದಲ ಸಲಕ್ಕಿಂತ ಚೆನ್ನಾಗಿ.

ಮುಗಿಯಿತು. ಅವನು ಮತ್ತೆ ಐದನೆಯದನ್ನೇ ಶುರುಮಾಡಿದರೆ ನನ್ನ ಹತ್ತಿರ ಇನ್ನೊಂದು ಉಪಾಯ ಇರಲಿಲ್ಲ. ಲಿಂಡಾಳ ಕೈ ಅರ್ಧಕ್ಕೆ ನಿಂತಿತ್ತು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಅಲ್ಲಾಹುವನ್ನು ನೆನೆದೆ. ಎಷ್ಟು ಹೊತ್ತು ಹೋಯಿತೋ ತಿಳಿಯದು. ಕ್ಲೈಡ್ ಕಣ್ಣು ಮುಚ್ಚಿದ್ದ. ಬಲಗೈ ಮುಷ್ಟಿಯಾಗಿ, ಇಲ್ಲದ ಲಗಾಮನ್ನು ಹಿಡಿದುಕೊಂಡಿತ್ತು. ಆಮೇಲೆ ಆರನೇ ಗೇಟು ಬಂತು.

ಏಳನೆಯದನ್ನು ಸವಾರ ಇಳಿದು ತೆರೆಯಬೇಕಾಗಿಯೇ ಇಲ್ಲ. ಅದನ್ನು ಯಾರೋ ಆಗಲೇ ತೆರೆದು, ಲಾಟೀನು ಹಿಡಿದು ನಿಂತಿರುತ್ತಾರೆ. ಪದ್ಯ ಅಲ್ಲಿಗೆ ಮುಗಿಯುತ್ತದೆ. ಜನ ಎದ್ದು ನಿಂತರು. ರೂತ್ ಗಿಟಾರನ್ನು ಕೆಳಗಿಟ್ಟು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ನಾನು ಅತ್ತೆ, ಹೇಳಿಕೊಳ್ಳಲು ಸಂಕೋಚ ಏನಿಲ್ಲ.

ಹಿಂದಿನ ಕೋಣೆಗೆ ಬಸವರಾಜಣ್ಣ ನನಗಿಂತ ಮುಂಚೆ ಹೋಗಿ ಕ್ಲೈಡ್‌ನ ಕೈ ಕುಲುಕುತ್ತಿದ್ದ. ಏನ್ ಹೇಳ್ಯಾನೋ ರಜಾಕಣ್ಣ ಈ ಮುದುಕ, ನಮ್ಮ ಕಡೀ ಹುಟ್ಟಬೇಕಿತ್ತು ಎಂದು ನನಗೆ ಹೇಳಿದ. ಅವನಿಗೆ ನಿಜ ಸಂಗತಿಯನ್ನು ನಾನು ತಿಂಗಳುಗಳ ಮೇಲೆ ಹೇಳಿದ್ದು. ಅವನು ಹೋದ ಮೇಲೆ ಕ್ಲೈಡ್ ಬಾಗಿಲು ಮುಚ್ಚಲು ಹೇಳಿದ.

“ಐದನೇದನ್ನ ನಾನು ಆಗಲೇ ಹೇಳಿಬಿಟ್ಟಿದ್ದೆ. ಅಲ್ವಾ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆನ್ ಆರ್ಬರ್‌ನಲ್ಲಿ ಒಂದು ಸುಳ್ಳು ಹೇಳಿ ಸಾಕಾಗಿತ್ತು. ಹೌದು ಎಂದೆ. ಆದರೆ ಜನ ಕೇಳಿದ್ದೂ ನಿಜ, ಬಸವರಾಜಣ್ಣ ಕೂಗಿದ್ದು ಹೊಟ್ಟೆಯೊಳಗಿಂದ ಎಂದೆ. ಅವನು ತಲೆಯಾಡಿಸಿದ.

“ನೀನು ಹಳ್ಳಕ್ಕೆ ಇಳಿದು ನಿಂತೆ,” ಎಂದ.

ಆಮೇಲೆ ತಾನೇ ಲಿಂಡಾಳನ್ನು ಕರೆದು, ಬರಲಿರುವ ಕಾರ್ಯಕ್ರಮಗಳಿಂದ ಇನ್ನು ನನ್ನ ಹೆಸರು ತೆಗಿ, ನನ್ನ ಗೇಟುಗಳೆಲ್ಲ ದಾಟಿದವು ಎಂದು ಹೇಳಿದ. ಲಿಂಡಾ ಅವನನ್ನು ತಬ್ಬಿಕೊಂಡಳು. ನನ್ನ ಕಡೆ ತಿರುಗಿ, ನೀನು ನನ್ನ ಮಾತು ಮೀರಿದೆ ಎಂದಳು. ಹೌದು, ಇಪ್ಪತ್ತು ವರ್ಷದಲ್ಲಿ ಒಂದು ಸಲ ಎಂದೆ. ಒಂದಲ್ಲ ಎಂದಳು.

ಹೋದ ಮಾರ್ಚ್ ನನ್ನ ಕೊನೆಯ ಕೌಬಾಯ್ ಕಾರ್ಯಕ್ರಮ. ಏಳು ಗೇಟುಗಳ ಪದ್ಯವನ್ನು ರೂತ್ ಬಾಯಿಪಾಠ ಮಾಡಿದ್ದಳು. ಅಪ್ಪನನ್ನು ಮುಂದಿನ ಸಾಲಿನಲ್ಲಿ, ನಸೀಮಾಳ ಪಕ್ಕ ಕೂಡಿಸಿದ್ದಳು. ಅಷ್ಟು ಹೊತ್ತಿಗೆ ಕ್ಲೈಡ್‌ಗೆ ನನ್ನ ಹೆಸರು ಹೋಗಿತ್ತು, ನಸೀಮಾಳದ್ದೂ ಹೋಗಿತ್ತು. ರೂತ್‌ಳನ್ನು ಒಳ್ಳೆಯ ಹುಡುಗಿ ಎಂದು ಕರೆಯುತ್ತಿದ್ದ. ಟೋಪಿ ಮಾತ್ರ ತಲೆಯ ಮೇಲೆ ನೆಟ್ಟಗಿತ್ತು.

ರೂತ್ ಐದನೇ ಗೇಟಿಗೆ ಬಂದಳು. ಕುದುರೆ ಹಳ್ಳಕ್ಕಿಳಿಯಿತು. ಬಸವರಾಜಣ್ಣ ಮೂರನೇ ಸಾಲಿನಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ನಾನೂ ಎದ್ದು ನಿಂತಿದ್ದೆ. ಆದರೆ ಮೊದಲ ಕೂಗು ನಮ್ಮಿಬ್ಬರದೂ ಅಲ್ಲ. ಅದು ಮುಂದಿನ ಸಾಲಿನಿಂದ ಬಂತು. ಕ್ಲೈಡ್ ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದ, ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು.

“ವನ್ಸ್ ಮೋರ್!”

ಸ್ನೇಹಾ, ನೀನು ಎಡಿಟ್ ಮಾಡಿ ತೆಗೆಯಬೇಕೆಂದಿದ್ದ ದನಿ ಅದು. ಪದ್ಯ ಯಾರದೆಂದು ಅವನಿಗೆ ಗೊತ್ತಿರಲಿಲ್ಲ. ನಸೀಮಾಳ ಕಡೆ ಬಗ್ಗಿ, ಇದನ್ನ ಕಟ್ಟಿದವನು ಕುದುರೆ ಹತ್ತಿದವನೇ ಇರಬೇಕು ಎಂದನಂತೆ.